ಹೈದರ್ ಎಂದರೆ ಸಿಂಹ, ಸರಿ. ಆದರೆ ಯಾವ ಸಿಂಹ?

ಮಗುವಿಗೆ ಇಡುವ ಹೆಸರುಗಳ ಪಟ್ಟಿ ತೆರೆದರೆ ಹೈದರ್ ಎದುರಿಗೆ ಒಂದೇ ಪದ ಇರುತ್ತದೆ: ಸಿಂಹ. ತಪ್ಪೇನಿಲ್ಲ. ಆದರೆ ಅಷ್ಟಕ್ಕೇ ಪುಟ ಮಗುಚಿದರೆ ಈ ಹೆಸರಿನ ಕತೆಯೇ ಕೈತಪ್ಪಿ ಹೋಗುತ್ತದೆ. ಯಾಕೆಂದರೆ ಅರಬ್ಬಿಯಲ್ಲಿ ಸಿಂಹಕ್ಕೆ ಹೆಸರುಗಳ ಬರ ಇಲ್ಲ. ಅಸದ್, ಲೈಸ್, ಉಸಾಮಾ, ಅಬ್ಬಾಸ್, ಗಜನ್‌ಫರ್, ಜಿರ್ಗಾಮ್ ಎಲ್ಲವೂ ಸಿಂಹಗಳೇ. ಹತ್ತನೇ ಶತಮಾನದಲ್ಲಿ ಅಲೆಪ್ಪೊ ನಗರದಲ್ಲಿದ್ದ ಇಬ್ನ್ ಖಾಲವಯ್ಹ್ ಎಂಬ ವ್ಯಾಕರಣ ಪಂಡಿತ ಸಿಂಹದ ಹೆಸರುಗಳನ್ನಷ್ಟೇ ನೂರಾರು ಲೆಕ್ಕದಲ್ಲಿ ಗುಡ್ಡೆ ಹಾಕಿ ಒಂದು ಪುಸ್ತಕ ಬರೆದ. ಆ ಪುಸ್ತಕದ ಬಹುಪಾಲು ಹೆಸರುಗಳು ಇವತ್ತು ನಿಘಂಟಿನಲ್ಲೇ ಮಲಗಿವೆ. ಹೈದರ್ ಮಾತ್ರ ಇರಾನ್, ಟರ್ಕಿ, ಅಜರ್‌ಬೈಜಾನ್, ಪಶ್ಚಿಮ ಆಫ್ರಿಕಾ ಎಲ್ಲ ಸುತ್ತಿ, ನಮ್ಮ ಮಲೆನಾಡಿನ ಒಂದು ಊರಿನ ಹೆಸರಿನೊಳಗೂ ಕೆಲ ಕಾಲ ಕೂತು ಬಂದಿದೆ. ಅದನ್ನು ಇಷ್ಟು ದೂರ ನಡೆಸಿದ್ದು ಕಾಡಿನ ಸಿಂಹವಲ್ಲ, ಒಬ್ಬ ಮನುಷ್ಯ.

ಮೊದಲು ನಿಘಂಟನ್ನೇ ನೋಡಿಬಿಡೋಣ. ಅರಬ್ಬಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಬೇರಿನಿಂದ ಹುಟ್ಟುತ್ತವೆ. ಹೈದರ್ ಪದದ ಬೇರು ಹ-ದ-ರ. ಈ ಬೇರಿನ ಪದಗಳಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಅರ್ಥ ಇದೆ, ದಪ್ಪಗೆ ಗಟ್ಟಿಮುಟ್ಟಾಗಿರುವ ಅರ್ಥವೂ ಇದೆ. ಹಳೆಯ ನಿಘಂಟುಕಾರರು ಎರಡನೆಯದನ್ನು ಹಿಡಿದರು. ಒಂಬತ್ತನೇ ಶತಮಾನದ ಇಬ್ನುಲ್ ಆರಾಬಿ ಹೇಳಿದ್ದು ಹೀಗೆ: ಜನರ ನಡುವೆ ರಾಜ ಹೇಗೋ ಸಿಂಹಗಳ ನಡುವೆ ಹೈದರಾ ಹಾಗೆ. ಅದಕ್ಕೆ ಇನ್ನೊಬ್ಬರು ಕಾರಣ ಸೇರಿಸಿದರು, ಕುತ್ತಿಗೆ ದಪ್ಪ, ಮುಂಗಾಲಿನಲ್ಲಿ ಬಲ ಜಾಸ್ತಿ ಅಂತ. ಅಂದರೆ ಹೈದರ್ ಯಾವುದೋ ಒಂದು ಸಿಂಹವಲ್ಲ, ಗುಂಪಿನಲ್ಲಿ ಎದ್ದು ಕಾಣುವ ಸಿಂಹ.

ಮಗನಿಗೆ ಕಾಡುಪ್ರಾಣಿಯ ಹೆಸರು ಇಡುವುದು ಆ ಕಾಲದ ಅರಬರಲ್ಲಿ ಮಾಮೂಲಿ. ಫಹದ್ ಎಂದರೆ ಚೀತಾ. ತೋಳದ ಹೆಸರಿನವರಿದ್ದರು, ನಾಯಿಯ ಹೆಸರಿನ ಕುಲವೇ ಇತ್ತು. ಮರುಭೂಮಿಯ ಒಬ್ಬ ಬೆದೂಯಿನ್‌ನನ್ನು ಯಾರೋ ಕೇಳಿದರಂತೆ: ಮಕ್ಕಳಿಗೆ ಇಂಥ ಒರಟು ಹೆಸರು, ಆಳುಗಳಿಗೆ ಮಾತ್ರ ಚೆಂದದ ಹೆಸರು, ಇದೇನಯ್ಯಾ? ಅವನ ಉತ್ತರ: ಮಕ್ಕಳಿಗೆ ಹೆಸರಿಡುವುದು ನಮ್ಮ ಶತ್ರುಗಳಿಗಾಗಿ, ಆಳುಗಳಿಗೆ ಇಡುವುದು ನಮಗಾಗಿ. ದಿನವಿಡೀ ಮನೆಯಲ್ಲಿ ಕರೆಯೋ ಹೆಸರು ಹಿತವಾಗಿರಲಿ, ಯುದ್ಧದಲ್ಲಿ ಕೂಗೋ ಹೆಸರು ಎದುರಿನವನ ಎದೆ ನಡುಗಿಸಲಿ ಅಂತ. ಕತೆ ನಿಜವೋ ಕಟ್ಟಿದ್ದೋ, ಹೈದರ್ ಎಂಬ ಹೆಸರು ಚರಿತ್ರೆಗೆ ಕಾಲಿಟ್ಟಿದ್ದು ಮಾತ್ರ ನೆಟ್ಟಗೆ ಯುದ್ಧಭೂಮಿಯಲ್ಲೇ.

ಅದು ಕ್ರಿ.ಶ. 628. ಮದೀನಾದ ಉತ್ತರಕ್ಕೆ ಖರ್ಜೂರದ ತೋಟಗಳ ನಡುವೆ ಖೈಬರ್ ಎಂಬ ಜಾಗ. ಅಲ್ಲಿ ಯಹೂದಿ ಕುಲಗಳ ಕೋಟೆಗಳಿದ್ದವು. ಪ್ರವಾದಿ ಮುಹಮ್ಮದರ ಪಡೆ ಅವಕ್ಕೆ ಮುತ್ತಿಗೆ ಹಾಕಿತ್ತು. ಆ ಕಾಲದ ಪದ್ಧತಿಯಂತೆ ದೊಡ್ಡ ಕದನಕ್ಕೆ ಮುಂಚೆ ಎರಡೂ ಕಡೆಯಿಂದ ಒಬ್ಬೊಬ್ಬ ವೀರ ಮುಂದೆ ಬಂದು, ತನ್ನ ಪರಿಚಯವನ್ನು ಪದ್ಯದಲ್ಲೇ ಕೂಗಿ ಹೇಳಬೇಕು. ಕೋಟೆಯ ಕಡೆಯಿಂದ ಬಂದವನು ಮರ್ಹಬ್. 'ನಾನು ಮರ್ಹಬ್ ಅಂತ ಖೈಬರ್‌ಗೆ ಗೊತ್ತು' ಎಂದು ಶುರುಮಾಡಿದ. ಈ ಕಡೆಯಿಂದ ಹೋದವರು ಪ್ರವಾದಿಯ ತಂದೆಯ ಸೋದರನ ಮಗನೂ ಪ್ರವಾದಿಯ ಅಳಿಯನೂ ಆದ ಅಲಿ. ಅವರು ಕೊಟ್ಟ ಉತ್ತರ ಸಹೀಹ್ ಮುಸ್ಲಿಮ್ ಎಂಬ ಹದೀಸ್ (ಪ್ರವಾದಿಯ ನುಡಿ-ನಡೆಗಳ) ಸಂಗ್ರಹದಲ್ಲಿ ಉಳಿದಿದೆ: 'ತಾಯಿ ಹೈದರಾ ಎಂದು ಹೆಸರಿಟ್ಟವನು ನಾನು, ನೋಡಿದರೆ ಹೆದರಿಕೆ ಹುಟ್ಟಿಸುವ ಕಾಡಿನ ಸಿಂಹದಂಥವನು.' ಮರ್ಹಬ್ ಅಲ್ಲೇ ಸತ್ತ, ಕೋಟೆ ಬಿತ್ತು.

ಈ ಸಾಲಿನಲ್ಲಿ ತಾಯಿ ಯಾಕೆ ಬಂದಳು? ವ್ಯಾಖ್ಯಾನಕಾರರು ಒಂದು ಮನೆಯ ಕತೆ ಹೇಳುತ್ತಾರೆ. ಅಲಿಯ ತಾಯಿ ಫಾತಿಮಾ ಬಿಂತ್ ಅಸದ್, ಅಂದರೆ ಅಸದ್ ಎಂಬವನ ಮಗಳು. ಅಸದ್ ಎಂದರೂ ಸಿಂಹವೇ. ಹೆರಿಗೆಯ ಹೊತ್ತಿಗೆ ಗಂಡ ಅಬೂ ತಾಲಿಬ್ ಊರಲ್ಲಿರಲಿಲ್ಲ. ಆಕೆ ತನ್ನ ತಂದೆಯ ನೆನಪಿಗೆ ಮಗುವಿಗೆ ಸಿಂಹದ ಹೆಸರೇ ಇಟ್ಟಳು. ಗಂಡ ವಾಪಸ್ ಬಂದವನು ಅಲಿ ಎಂದು ಬದಲಾಯಿಸಿದ. ಉಳಿದದ್ದು ಅಲಿ, ಆದರೆ ಅಮ್ಮ ಇಟ್ಟ ಹೆಸರು ಮರೆಯಾಗಲಿಲ್ಲ. ಜೀವ ಒತ್ತೆ ಇಟ್ಟ ಕ್ಷಣದಲ್ಲಿ ಮಗ ಕೂಗಿ ಹೇಳಿದ್ದು ಅದನ್ನೇ. ಪೃಥೆಯ ಮಗ ಅಂತ ಅರ್ಜುನ ಪಾರ್ಥನಾದನಲ್ಲ, ಹೆಚ್ಚೂಕಡಿಮೆ ಹಾಗೆಯೇ ಇದೂ ತಾಯಿಯ ಕಡೆಯಿಂದ ಬಂದ ಹೆಸರು. ಪಾರ್ಥ ಅಂದ ತಕ್ಷಣ ನಮಗೆ ವ್ಯಾಕರಣ ನೆನಪಾಗುವುದಿಲ್ಲ, ಅರ್ಜುನ ನೆನಪಾಗುತ್ತಾನೆ. ಹೈದರ್ ಅಂದಾಗ ಮುಸ್ಲಿಂ ಜಗತ್ತಿನ ಬಹುಪಾಲು ಕಿವಿಗಳಿಗೆ ಕೇಳುವುದೂ ಸಿಂಹವಲ್ಲ, ಅಲಿ.

ಮೂಲ ಪದ್ಯದಲ್ಲಿರುವುದು ಹೈದರ್ ಅಲ್ಲ, ಹೈದರಾ. ಕೊನೆಯ ಆ 'ಆ' ಅರಬ್ಬಿಯಲ್ಲಿ ಸಾಮಾನ್ಯವಾಗಿ ಹೆಣ್ಣು ಪದಗಳ ಗುರುತು. ಗಂಡಸಿನ ಹೆಸರಿಗೆ ಇದೇಕೆ ಅಂತ ಅನ್ನಿಸಬಹುದು. ಆದರೆ ಹಮ್ಜಾ, ತಲ್ಹಾ, ಉಸಾಮಾ ಎಲ್ಲವೂ ಹೀಗೇ ಮುಗಿಯುವ ಗಂಡು ಹೆಸರುಗಳು. ಕೆಲವು ಪದಗಳಲ್ಲಿ ಈ ಬಾಲ ಹೆಣ್ಣುತನ ಹೇಳುವುದಿಲ್ಲ, ಅರ್ಥಕ್ಕೆ ಒತ್ತು ಕೊಡುತ್ತದೆ. ದೊಡ್ಡ ವಿದ್ವಾಂಸನನ್ನು ಅಲ್ಲಾಮಾ ಅನ್ನುವುದೂ ಹೀಗೆಯೇ.

ಅರಬರ ಹೆಸರಿನ ಕಟ್ಟೋಣ ಗೊತ್ತಿದ್ದರೆ ಮುಂದಿನ ದಾರಿ ಸಲೀಸು. ಒಬ್ಬನಿಗೆ ಹುಟ್ಟಿನ ಹೆಸರು ಒಂದಿರುತ್ತದೆ. ಇಂಥವನ ಅಪ್ಪ ಅನ್ನುವ ಕರೆ ಒಂದು, ಅಲಿಗೆ ಅದು ಅಬುಲ್ ಹಸನ್. ಇಂಥವನ ಮಗ ಅನ್ನುವುದು ಇನ್ನೊಂದು. ಊರಿನದೋ ಕುಲದ್ದೋ ಗುರುತು ಬೇರೆ. ಇವೆಲ್ಲದರ ಜೊತೆ ಗುಣಕ್ಕೋ ಸಾಹಸಕ್ಕೋ ಜನ ಕೊಡುವ ಬಿರುದು, ಅದಕ್ಕೆ ಲಕಬ್ ಎಂದು ಹೆಸರು. ಅಲಿಯ ಬಿರುದುಗಳ ಸಾಲು ಉದ್ದವಿದೆ: ಮುರ್ತಜಾ, ಸಫ್‌ದರ್, ಅಸದುಲ್ಲಾ ಅಂದರೆ ದೇವರ ಸಿಂಹ, ಮತ್ತೆ ಮತ್ತೆ ಎರಗುವವನು ಅನ್ನುವ ಅರ್ಥದ ಹೈದರ್-ಎ-ಕರ್ರಾರ್. ಕಾಲ ಕಳೆದ ಹಾಗೆ ಈ ಬಿರುದುಗಳೇ ಹುಟ್ಟಿನ ಹೆಸರುಗಳಾದವು. ಹಾಗಾಗಿ ಹೈದರ್ ಅಲಿ ಅನ್ನುವ ಜೋಡಿಯಲ್ಲಿ ಇಬ್ಬರಿಲ್ಲ. ಎರಡೂ ಒಬ್ಬನದೇ ಹೆಸರು. ಅಜರ್‌ಬೈಜಾನಿನ ಅಧ್ಯಕ್ಷರಾಗಿದ್ದ ಹೈದರ್ ಅಲಿಯೆವ್ ಹೆಸರಿನಲ್ಲೂ ಅದೇ ಆಟ: ಮುಂದೆ ಹೈದರ್, ಹಿಂದೆ ರಷ್ಯನ್ ಬಾಲ ಅಂಟಿಸಿಕೊಂಡ ಅಲಿ. ಬಾಕುವಿನ ವಿಮಾನ ನಿಲ್ದಾಣಕ್ಕೂ, ಜಹಾ ಹದೀದ್ ವಿನ್ಯಾಸ ಮಾಡಿದ ಅಲೆಅಲೆಯಾದ ಬಿಳಿ ಕಟ್ಟಡಕ್ಕೂ ಇರುವುದು ಅವರದೇ ಹೆಸರು.

ಹೆಸರು ಅರೇಬಿಯಾದಿಂದ ಪೂರ್ವಕ್ಕೆ ಹೊರಟಿದ್ದು ಅಲಿಯ ಮೇಲಿನ ಭಕ್ತಿಯ ಜೊತೆಗೆ. ಇರಾನಿನ ಖುರಾಸಾನ್ ಸೀಮೆಯಲ್ಲಿ ಹದಿಮೂರನೇ ಶತಮಾನದ ಆರಂಭದಲ್ಲಿ ಕುತ್ಬುದ್ದೀನ್ ಹೈದರ್ ಎಂಬ ಸೂಫಿ ಇದ್ದರು. ಅವರ ಹಾದಿ ಹಿಡಿದ ಫಕೀರರಿಗೆ ಹೈದರಿಗಳು ಎಂದೇ ಹೆಸರಾಯಿತು. ಪ್ರವಾಸಿ ಇಬ್ನ್ ಬತೂತಾ ಇವರನ್ನು ಕುರಿತು ಬರೆದಿದ್ದಾನೆ. ಕೈಗೆ, ಕುತ್ತಿಗೆಗೆ, ಕಿವಿಗೆ ಕಬ್ಬಿಣದ ಬಳೆ ಹಾಕಿಕೊಂಡು ತಿರುಗುವವರು. ಆ ಸೂಫಿಯ ಸಮಾಧಿ ಇರುವ ಊರು ಇವತ್ತಿನ ತುರ್ಬತ್-ಎ-ಹೈದರಿಯೆ, ಕೇಸರಿ ಬೆಳೆಗೆ ಹೆಸರುವಾಸಿ.

ರಾಜಕೀಯವಾಗಿ ದೊಡ್ಡ ತಿರುವು ಕೊಟ್ಟದ್ದು ಇನ್ನೊಬ್ಬ ಹೈದರ್. ಹದಿನೈದನೇ ಶತಮಾನದ ಕೊನೆಯಲ್ಲಿ ಸಫವಿ ಮನೆತನದ ಶೇಖ್ ಹೈದರ್ ತನ್ನ ಅನುಯಾಯಿಗಳಿಗೆ ಹನ್ನೆರಡು ಮಡಿಕೆಗಳ ಕೆಂಪು ಟೋಪಿ ತೊಡಿಸಿದ. ಅಲಿಯಿಂದ ಶುರುವಾಗುವ ಹನ್ನೆರಡು ಇಮಾಮರಿಗೆ, ಅಂದರೆ ಧರ್ಮನಾಯಕರಿಗೆ, ಹನ್ನೆರಡು ಮಡಿಕೆ. ಅದಕ್ಕೆ ಹೈದರಿ ಕಿರೀಟ ಎಂದರು, ತೊಟ್ಟವರನ್ನು ಕಿಜಿಲ್‌ಬಾಷ್, ಅಂದರೆ ಕೆಂಪುತಲೆಯವರು ಎಂದರು. 1488ರಲ್ಲಿ ಅವನು ಯುದ್ಧದಲ್ಲಿ ಸತ್ತ. ಅವನ ಮಗ ಇಸ್ಮಾಯಿಲ್ 1501ರಲ್ಲಿ ಇರಾನಿನ ಗದ್ದುಗೆ ಏರಿ, ಪ್ರವಾದಿಯ ನಂತರದ ನಾಯಕತ್ವ ಅಲಿಗೇ ಸೇರಬೇಕಿತ್ತು ಎನ್ನುವ ಶಿಯಾ ಪಂಥವನ್ನು ರಾಜ್ಯದ ಧರ್ಮ ಎಂದು ಸಾರಿದ. ಆ ಅಲೆ ನಮ್ಮ ಕಡೆಗೂ ಬಂತು, ಅದೂ ತಡವಿಲ್ಲದೆ. ಒಂದೆರಡು ವರ್ಷದಲ್ಲೇ ಬಿಜಾಪುರದ ಯೂಸುಫ್ ಆದಿಲ್ ಶಾ ಕೂಡ ಅದೇ ಘೋಷಣೆ ಮಾಡಿದ. ಅಲ್ಲಿಂದ ಮುಂದೆ ದಖ್ಖನ್ನಿನ ಆಸ್ಥಾನಗಳಲ್ಲಿ ಇರಾನಿನಿಂದ ಬಂದ ಸರದಾರರು, ಕವಿಗಳು, ಕುಶಲಕರ್ಮಿಗಳು ತುಂಬಿದರು, ಅವರ ಜೊತೆಗೆ ಅವರ ಹೆಸರುಗಳೂ. ವಿಜಯಪುರಕ್ಕೆ ಹೋದವರು ಉಪ್ಪಲಿ ಬುರುಜು ಹತ್ತಿರುತ್ತೀರಿ. ಹೊರಗಿನಿಂದ ಸುತ್ತಿಕೊಂಡು ಏರುವ ಮೆಟ್ಟಿಲು, ಸುಮಾರು 80 ಅಡಿ ಎತ್ತರ, ನೆತ್ತಿಯ ಮೇಲೆ ಉದ್ದನೆಯ ತೋಪು. 1584ರ ಸುಮಾರಿಗೆ ಅದನ್ನು ಕಟ್ಟಿಸಿದವನು ಹೈದರ್ ಖಾನ್. ಅದಕ್ಕೇ ಹೈದರ್ ಬುರುಜು ಅನ್ನುವ ಇನ್ನೊಂದು ಹೆಸರೂ ಇದೆ.

ಪಕ್ಕದ ಗೋಲ್ಕೊಂಡದ ಕುತುಬ್ ಶಾಹಿಗಳೂ ಶಿಯಾಗಳೇ. ಮುಹಮ್ಮದ್ ಕುಲಿ ಕುತುಬ್ ಶಾ 1591ರಲ್ಲಿ ಮೂಸಿ ನದಿಯ ದಡದಲ್ಲಿ ಹೊಸ ನಗರ ಕಟ್ಟಿದ, ಅದೇ ಹೈದರಾಬಾದ್. ಆ ಹೆಸರು ಭಾಗಮತಿ ಎಂಬ ನರ್ತಕಿಯಿಂದ ಬಂತು ಎನ್ನುವ ಪ್ರೇಮಕತೆಯನ್ನು ಗೈಡುಗಳು ಇವತ್ತಿಗೂ ಸೊಗಸಾಗಿ ಹೇಳುತ್ತಾರೆ, ಕೇಳಲಿಕ್ಕೆ ಚೆನ್ನಾಗಿಯೂ ಇದೆ. ನನಗೆ ಮಾತ್ರ ಅಲಿಯ ಹೆಸರು ಎಂಬುದೇ ಹೆಚ್ಚು ಸರಿ ಕಾಣುತ್ತದೆ. ರಾಜ ಶಿಯಾ, ನಗರದ ನಡುವೆ ಚಾರ್‌ಮಿನಾರ್, ಅದರ ಹತ್ತಿರವೇ ಮೊಹರಂ ಆಚರಣೆಗೆ ಕಟ್ಟಿಸಿದ ಬಾದಷಾಹಿ ಆಶುರ್‌ಖಾನಾ. ಇದಕ್ಕಿಂತ ಇನ್ನೇನು ಬೇಕು? ಸಿಂಧ್ ಪ್ರಾಂತ್ಯದಲ್ಲಿ 1768ರಲ್ಲಿ ಕಟ್ಟಿದ ಇನ್ನೊಂದು ಹೈದರಾಬಾದ್ ಕೂಡ ಅಲಿಯ ಹೆಸರಿನದೇ. ನಮ್ಮ ಬೀದರ್, ಕಲಬುರಗಿ, ರಾಯಚೂರು ಸೀಮೆಯವರು ಈ ಹೆಸರನ್ನು ದಶಕಗಟ್ಟಲೆ ಅರ್ಜಿ ನಮೂನೆಗಳಲ್ಲಿ ತುಂಬಿದ್ದಾರೆ. 2019ರಲ್ಲಿ ಸರಕಾರ ಹೈದರಾಬಾದ್ ಕರ್ನಾಟಕವನ್ನು ಕಲ್ಯಾಣ ಕರ್ನಾಟಕ ಮಾಡುವ ತನಕ.

ಆ ಸೀಮೆಯ ಹಳ್ಳಿಗಳಲ್ಲಿ ಮೊಹರಂ ಬಂದರೆ ಬೆಂಕಿ ಹಾಕುವ ಅಲಾಯಿ ಕುಣಿ ತೋಡುತ್ತಾರೆ, ಲೋಹದ ಹಸ್ತದ ಪಂಜಾ ಎತ್ತುತ್ತಾರೆ, ಮೊಹರಂ ಕತೆಯ ರಿವಾಯತ್ ಪದ ಹಾಡುತ್ತಾರೆ. ಮುದ್ಗಲ್ಲಿನ ಮೊಹರಂ ಅಂತೂ ದೂರದೂರದ ಜನ ಬಂದು ಸೇರುವ ಹಬ್ಬ. ಅಲ್ಲಿ ಹರಕೆ ಹೊತ್ತು ಹುಲಿವೇಷ ಹಾಕುವವರಲ್ಲಿ ಮುಸ್ಲಿಮರಷ್ಟೇ ಅಲ್ಲ, ಎಲ್ಲ ಜಾತಿಯವರೂ ಇರುತ್ತಾರೆ. ಮೊಹರಂಗೂ ಹುಲಿಗೂ ಏನು ಸಂಬಂಧ ಎಂದರೆ ಮತ್ತೆ ಅಲಿಯೇ, ದೇವರ ಸಿಂಹ. ನಮ್ಮ ಕಾಡುಗಳಲ್ಲಿ ಸಿಂಹ ಎಲ್ಲಿದೆ? ಹಾಗಾಗಿ ಇಲ್ಲಿಗೆ ಬಂದ ಸಿಂಹ ಪಟ್ಟೆ ಬಳಿದುಕೊಂಡು ಹುಲಿಯಾಯಿತು.

ಈಗ ಶ್ರೀರಂಗಪಟ್ಟಣಕ್ಕೆ ಬರೋಣ. ಕನ್ನಡದವರಿಗೆ ಹೈದರ್ ಎಂದರೆ ಮೊದಲು ನೆನಪಾಗುವವನು ಇಲ್ಲಿನ ಹೈದರ್ ಅಲಿಯೇ, ಟಿಪ್ಪುವಿನ ಅಪ್ಪ. ಹುಟ್ಟಿದ್ದು ಕೋಲಾರದ ಕಡೆಯ ಬೂದಿಕೋಟೆಯಲ್ಲಿ. ಮೈಸೂರು ಸೈನ್ಯದಲ್ಲಿ ಹಂತಹಂತವಾಗಿ ಏರಿದ. ಮರಾಠರ ಕಾಗದಪತ್ರಗಳಲ್ಲಿ ಅವನು ಬಹಳ ಕಾಲ ಹೈದರ್ ನಾಯಕ್ ಅಷ್ಟೇ. ಒಡೆಯರ ಆಸ್ಥಾನ ಅವನಿಗೆ ಕೊಟ್ಟ ಬಿರುದು ಫತೇ ಹೈದರ್ ಬಹಾದುರ್. 1761ರ ಹೊತ್ತಿಗೆ ರಾಜ್ಯದ ಲಗಾಮು ಪೂರಾ ಅವನ ಕೈಲಿತ್ತು. ಅವನ ಮನೆತನ ಶಿಯಾ ಅಲ್ಲ, ಇಸ್ಲಾಮಿನ ಇನ್ನೊಂದು ಪಂಥವಾದ ಸುನ್ನಿ. ಅಲಿ ಶಿಯಾಗಳಿಗಷ್ಟೇ ಸೇರಿದವರಲ್ಲ, ಸುನ್ನಿಗಳಿಗೂ ನಾಲ್ಕನೇ ಖಲೀಫರು, ಅಂದರೆ ಪ್ರವಾದಿಯ ನಂತರ ಬಂದ ನಾಲ್ಕನೇ ನಾಯಕರು, ಹಲವು ಸೂಫಿ ಪರಂಪರೆಗಳಿಗೆ ಮೂಲಪುರುಷರು. ಆದ್ದರಿಂದ ಹೆಸರು ನೋಡಿ ಪಂಥ ಹೇಳಲು ಹೊರಟರೆ ನಮ್ಮ ಕಡೆ ಎಡವುವುದೇ ಜಾಸ್ತಿ.

1763ರಲ್ಲಿ ಹೈದರ್ ಕೆಳದಿ ನಾಯಕರ ರಾಜಧಾನಿ ಬಿದನೂರನ್ನು ಗೆದ್ದ. ಮಲೆನಾಡಿನ ಅಡಿಕೆ, ಮೆಣಸು, ಅಕ್ಕಿಯ ಹಣವೆಲ್ಲ ಹರಿದು ಸೇರುತ್ತಿದ್ದ ಊರು ಅದು. ಗೆದ್ದವನು ಅದಕ್ಕೆ ತನ್ನ ಹೆಸರಿಟ್ಟ: ಹೈದರ್ ನಗರ. ಮುಂದೆ ಜನರ ಬಾಯಲ್ಲಿ ಹೈದರ್ ಉದುರಿಹೋಗಿ ನಗರ ಮಾತ್ರ ಉಳಿಯಿತು. ಶಿವಮೊಗ್ಗ ಜಿಲ್ಲೆಯ ಈಗಿನ ನಗರ ಅದೇ. ಇಷ್ಟು ಚಿಕ್ಕ ಊರಿಗೆ ನಗರ ಎಂದು ಯಾಕೆ ಹೆಸರು ಅಂತ ಬಸ್ಸಿನಲ್ಲಿ ಕೂತು ಯೋಚಿಸಿದವರಿಗೆ ಇದೇ ಉತ್ತರ.

ಬಿದನೂರು ಕೈಗೆ ಬಂದ ಮೇಲೆ ಹೈದರ್ ಟಂಕಿಸಿದ ಚಿನ್ನದ ನಾಣ್ಯ ನನಗೆ ಈ ಇಡೀ ಕತೆಯಲ್ಲೇ ಇಷ್ಟವಾದ ವಸ್ತು. ಬಹಾದುರಿ ವರಹ ಅನ್ನುತ್ತಾರೆ. ತೂಕ ಸುಮಾರು 3.4 ಗ್ರಾಂ, ಅಗಲ ಬೆರಳ ತುದಿಯಷ್ಟು. ಒಂದು ಮುಖದಲ್ಲಿ ಶಿವ ಪಾರ್ವತಿ ಜೋಡಿಯಾಗಿ ಕೂತಿದ್ದಾರೆ. ಇದು ಅದೇ ಕೆಳದಿ ನಾಯಕರ ಇಕ್ಕೇರಿ ವರಹದ ಚಿತ್ರ, ಅದನ್ನು ಅವನು ಹಾಗೇ ಇಟ್ಟುಕೊಂಡ. ಸಂತೆಯಲ್ಲಿ ಜನ ನಂಬಿ ತೆಗೆದುಕೊಳ್ಳುವ ನಾಣ್ಯದ ಮುಖ ಬದಲಾಯಿಸುವಷ್ಟು ದಡ್ಡ ಅವನಲ್ಲ. ಹಿಂಬದಿಯಲ್ಲಿ ಮೊದಲು ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ ಎಂದಿರುತ್ತಿತ್ತು. ಆ ಜಾಗದಲ್ಲಿ, ಕಾಳುಕಾಳಾದ ಚುಕ್ಕಿಗಳ ಹಿನ್ನೆಲೆಯ ಮೇಲೆ, ಒಂದೇ ಒಂದು ಅಕ್ಷರ. ಉರ್ದು ಓದುವವರು ಬಡೀ ಹೇ ಅನ್ನುವ 'ಹ', ಹೈದರ್ ಹೆಸರಿನ ಮೊದಲಕ್ಷರ. ಮೇಲೆ ಗಿಡ್ಡ ಗೆರೆ, ಅದರಿಂದ ಇಳಿದು ಎಡಕ್ಕೆ ಉಬ್ಬಿದ ದೊಡ್ಡ ಹೊಟ್ಟೆ. ಚುಕ್ಕೆ ಇಲ್ಲ. ಹೊಟ್ಟೆಯೊಳಗೆ ಚುಕ್ಕೆ ಇಟ್ಟರೆ ಅದೇ ಅಕ್ಷರ 'ಜ' ಆಗುತ್ತದೆ, ತಲೆಯ ಮೇಲಿಟ್ಟರೆ 'ಖ' ಆಗುತ್ತದೆ. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ, ಸಹಿಗೆ ತನ್ನ ಹೆಸರಿನ ಮೊದಲ ಅಕ್ಷರವೊಂದನ್ನೇ ಗೀಚುತ್ತಿದ್ದ ಎಂದು ಬ್ರಿಟಿಷ್ ಲೇಖಕರು ಬರೆದಿದ್ದಾರೆ. ಅವನು ಬರೆಯಬಲ್ಲ ಒಂದೇ ಅಕ್ಷರ ರಾಜ್ಯದ ಚಿನ್ನದ ಮೇಲೆ ಓಡಾಡಿತು.

ಈ 'ಹ' ಗಂಟಲಿನ ಆಳದಿಂದ ಬರುವ ಸದ್ದು. ಅರಬ್ಬಿಯಲ್ಲಿ ನಮ್ಮ 'ಹ'ದಂಥ ಹಗುರವಾದ ಇನ್ನೊಂದು ಅಕ್ಷರವೂ ಇದೆ. ಕನ್ನಡಕ್ಕೆ ಎರಡೂ ಒಂದೇ. ಪರ್ಷಿಯನ್, ಉರ್ದು ಮಾತಾಡುವವರ ಬಾಯಲ್ಲೂ ವ್ಯತ್ಯಾಸ ಉಳಿದಿಲ್ಲ, ಬರವಣಿಗೆಯಲ್ಲಿ ಮಾತ್ರ ಉಳಿದಿದೆ.

ಮಗ ಟಿಪ್ಪು ಅಪ್ಪನ ಅಕ್ಷರವನ್ನು ತನ್ನ ನಾಣ್ಯಗಳಲ್ಲೂ ಬಿಡಲಿಲ್ಲ. ಮೇಲಾಗಿ ಪ್ರತಿ ನಾಣ್ಯಕ್ಕೂ ಒಂದೊಂದು ಹೆಸರು ಕೊಟ್ಟ. ಎರಡು ರೂಪಾಯಿಯ ದೊಡ್ಡ ಬೆಳ್ಳಿ ನಾಣ್ಯ ಹೈದರಿ, ಒಂದು ರೂಪಾಯಿಯದು ಇಮಾಮಿ, ಅದರ ಕೆಳಗೆ ಆಬಿದಿ, ಬಾಕರಿ, ಜಾಫರಿ ಹೀಗೆ ಶಿಯಾ ಇಮಾಮರ ಹೆಸರುಗಳು. ಚಿನ್ನದಲ್ಲಿ ಸಿದ್ದೀಕಿ, ಫಾರೂಕಿ, ಅಂದರೆ ಸುನ್ನಿಗಳು ಗೌರವಿಸುವ ಮೊದಲ ಇಬ್ಬರು ಖಲೀಫರ ಬಿರುದುಗಳು. ಹೈದರಿ ಎಂದಾಗ ಲೆಕ್ಕಕ್ಕೆ ಅದು ಅಲಿಯ ಹೆಸರು. ಆದರೆ ನಾಣ್ಯ ಕೈಯಲ್ಲಿ ಹಿಡಿದ ಮೈಸೂರಿನವನಿಗೆ ಸತ್ತುಹೋದ ನವಾಬ ನೆನಪಾಗದೆ ಇರುತ್ತಿದ್ದನೇ? ಎರಡೂ ಸೇರಲಿ ಎಂದೇ ಟಿಪ್ಪು ಹಾಗೆ ಮಾಡಿರಬೇಕು ಅನ್ನಿಸುತ್ತದೆ. ಅವನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆದ ಮಾತೊಂದಿದೆ: ಅಸದುಲ್ಲಾಹ್ ಅಲ್-ಗಾಲಿಬ್, ದೇವರ ಸಿಂಹವೇ ಗೆಲ್ಲುವವನು. ಮತ್ತೆ ಅಲಿ, ಮತ್ತೆ ಸಿಂಹ, ಮತ್ತೆ ಹುಲಿಯ ಚರ್ಮದಲ್ಲಿ. ಟಿಪ್ಪು ಇನ್ನೂ ಬದುಕಿದ್ದಾಗಲೇ, 1797ರಲ್ಲಿ ಆಗ್ರಾದಲ್ಲಿ ಹುಟ್ಟಿದ ಒಂದು ಮಗುವಿಗೆ ಅಸದುಲ್ಲಾ ಎಂದು ಹೆಸರಿಟ್ಟರು. ಬೆಳೆದು ಕವಿಯಾದ ಮೇಲೆ ಮೊದಲು ಅಸದ್, ಆಮೇಲೆ ಗಾಲಿಬ್ ಎಂಬ ಕಾವ್ಯನಾಮ ಇಟ್ಟುಕೊಂಡ. ಮಿರ್ಜಾ ಗಾಲಿಬನ ಹೆಸರೂ ಶ್ರೀರಂಗಪಟ್ಟಣದ ಬಂದೂಕಿನ ಮೇಲಿನ ಬರಹವೂ ಒಂದೇ ಮಾತಿನ ತುಂಡುಗಳು.

ಹೆಸರು ಸಮುದ್ರವನ್ನೂ ದಾಟಿತು. ಬ್ರಿಟಿಷರ ವಿರುದ್ಧ ಅಮೆರಿಕದವರು ಸ್ವಾತಂತ್ರ್ಯ ಯುದ್ಧ ಮಾಡುತ್ತಿದ್ದ ಕಾಲ. ಅದೇ ಬ್ರಿಟಿಷರಿಗೆ ದಕ್ಷಿಣ ಭಾರತದಲ್ಲಿ ನೀರು ಕುಡಿಸುತ್ತಿದ್ದ ಹೈದರನ ಸುದ್ದಿ ಅಲ್ಲಿನ ಪತ್ರಿಕೆಗಳಿಗೂ ಮುಟ್ಟಿತ್ತು. ಪೆನ್ಸಿಲ್ವೇನಿಯಾದವರು ತಮ್ಮ ಯುದ್ಧನೌಕೆಗೆ ಹೈದರ್ ಅಲಿ ಎಂದೇ ಹೆಸರಿಟ್ಟರು. 1782ರ ಏಪ್ರಿಲ್‌ನಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಆ ಹಡಗು ತನಗಿಂತ ಬಲವಾದ ಬ್ರಿಟಿಷ್ ಹಡಗು ಜನರಲ್ ಮಂಕ್ ಅನ್ನು ಸೆರೆಹಿಡಿಯಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಚಿತ್ತೂರಿನ ಹತ್ತಿರದ ಪಾಳೆಯದಲ್ಲಿ ಹೈದರ್ ಬೆನ್ನಿನ ಹುಣ್ಣಿನಿಂದ ತೀರಿಕೊಂಡ.

ಇವತ್ತು ಈ ಹೆಸರು ಎಲ್ಲೆಲ್ಲಿ ಯಾವ ಬಣ್ಣ ಪಡೆದಿದೆ ಎಂದು ನೋಡಿದರೆ ಒಂದೊಂದು ಕಡೆ ಒಂದೊಂದು ಥರ. ಪಾಕಿಸ್ತಾನದಲ್ಲಿ ನಿಶಾನ್-ಎ-ಹೈದರ್ ಸೇನೆಯ ಅತಿ ದೊಡ್ಡ ಶೌರ್ಯ ಪದಕ. ಟರ್ಕಿಯಲ್ಲಿ ಹೈದರಿ ಎಂದರೆ ಗಟ್ಟಿ ಮೊಸರಿಗೆ ಬೆಳ್ಳುಳ್ಳಿ, ಪುದೀನ ಕಲಸಿದ ಪದಾರ್ಥ. ಊಟಕ್ಕೆ ಮುಂಚೆ ರೊಟ್ಟಿ ಅದ್ದಿ ತಿನ್ನುವುದಕ್ಕೆ. ಇರಾಕಿನಲ್ಲಿ ಇದು ಬಹುಮಟ್ಟಿಗೆ ಶಿಯಾ ಹೆಸರು, 2014ರಿಂದ 2018ರ ತನಕ ಪ್ರಧಾನಿಯಾಗಿದ್ದವರು ಹೈದರ್ ಅಲ್-ಅಬಾದಿ. ಅದೇ ಇರಾಕಿನಲ್ಲಿ 2006ರ ಸುಮಾರಿನ ಪಂಥಗಳ ಹಿಂಸೆಯಲ್ಲಿ ಗುರುತಿನ ಚೀಟಿಯ ಮೇಲಿನ ಹೆಸರೇ ಸಾವು ಬದುಕಿನ ಪ್ರಶ್ನೆಯಾಗಿತ್ತು. ಒಂದು ಕಡೆಯ ನಾಕಾದಲ್ಲಿ ಉಮರ್‌ಗೆ ಅಪಾಯ, ಇನ್ನೊಂದು ಕಡೆಯದರಲ್ಲಿ ಹೈದರ್‌ಗೆ. ಬೇರೆ ಹೆಸರಿನ ನಕಲಿ ಚೀಟಿ ಇಟ್ಟುಕೊಂಡು ಓಡಾಡಿದವರು ಎಷ್ಟೋ ಜನ.

ಪಶ್ಚಿಮ ಆಫ್ರಿಕಾದ ಮಾಲಿ ದೇಶದಲ್ಲಿ ಉಳಿದಿರುವುದು ಖೈಬರ್‌ನ ಪದ್ಯದಲ್ಲಿದ್ದ ಹಳೆಯ ರೂಪವೇ: ಹೈದರಾ. ಅಲ್ಲಿ ಅದು ಮನೆತನದ ಹೆಸರು, ಪ್ರವಾದಿಯ ವಂಶದವರು ನಾವು ಎಂದು ಹೇಳಿಕೊಳ್ಳುವ ಕುಟುಂಬಗಳದ್ದು. 2012ರಲ್ಲಿ ಟಿಂಬಕ್ಟು ಪಟ್ಟಣ ಉಗ್ರರ ಕೈಗೆ ಸಿಕ್ಕಾಗ, ಲಕ್ಷಗಟ್ಟಲೆ ಹಳೆಯ ಹಸ್ತಪ್ರತಿಗಳನ್ನು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಕಾರು, ದೋಣಿಗಳಲ್ಲಿ ಕದ್ದುಮುಚ್ಚಿ ರಾಜಧಾನಿ ಬಮಾಕೊಗೆ ಸಾಗಿಸುವ ಕೆಲಸಕ್ಕೆ ಮುಂದಾಳಾಗಿ ನಿಂತವರು ಅಬ್ದುಲ್ ಕಾದಿರ್ ಹೈದರಾ. ವೃತ್ತಿಯಲ್ಲಿ ಗ್ರಂಥಪಾಲಕರು.